ರೂತಳ ಎರಡನೇ ಮದುವೆಗೆ ಸೆಲರಿ ಹೆಚ್ಚಿದ್ದು

ಕಡ್ಡಿರಾಂಪುರ

ನಾನು ಅಮೆರಿಕಕ್ಕೆ ಹೋಗಿ ಬಂದದ್ದಕ್ಕೆ ಕಾರಣ ಒಂದು ಮುರಿದ ಕಾಲು ಮತ್ತು ಒಂದು ಚೀಲ ಕಾದಂಬರಿ. ಕಾಲು ಕ್ಯಾರಲ್‌ಳದು. ಕಾದಂಬರಿಗಳೂ ಅವಳವೇ.

ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಗೆ ಹೊಂದಿಕೊಂಡೇ ನಮ್ಮಣ್ಣನ ಮನೆ. ಹಿಂದಿನ ಕೋಣೆಗಳನ್ನು ಪರದೇಶದವರಿಗೆ ಬಾಡಿಗೆಗೆ ಕೊಡುತ್ತೇವೆ. ನನ್ನ ಗಂಡ ಮಲ್ಲಿಕಾರ್ಜುನ ಕಾಮಾಲೆಯಾಗಿ ತೀರಿಕೊಂಡ ಮೇಲೆ ಕಂಪ್ಲಿ ಕಡೆಯ ಎಮ್ಮಿಗನೂರಿನಿಂದ ತವರಿಗೆ ಬಂದೆ. ಮಕ್ಕಳಿರಲಿಲ್ಲ. ಅಂದಿನಿಂದ ಇಲ್ಲಿ ಅತ್ತಿಗೆ ರೊಟ್ಟಿ ಬಡಿಯುತ್ತಾಳೆ, ನಾನು ಇಂಗ್ಲಿಷ್ ಬಡಿಯುತ್ತೇನೆ.

ಕ್ಯಾರಲ್ ಪೆನ್ಸಿಲ್ವೇನಿಯಾ ಕಡೆಯ ನಿವೃತ್ತ ಟೀಚರಮ್ಮ. ಸೂರ್ಯ ಮುಳುಗುವುದನ್ನು ನೋಡಲು ಬಂಡೆ ಹತ್ತಿ, ಸೂರ್ಯನಿಗಿಂತ ಮೊದಲು ತಾನೇ ಕೆಳಗಿಳಿದಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತಿಂಗಳಿಗೂ ಹೆಚ್ಚು ನಮ್ಮನೆಯ ಹೊರಸಿನ ಮೇಲೆ ಮಲಗಿದ್ದಳು. ತಲೆ ಬಾಚುವುದರಿಂದ ಹಿಡಿದು ಸ್ನಾನದವರೆಗೆ ಎಲ್ಲ ನಾನೇ ಮಾಡಿದೆ. ಹೋಗುವಾಗ ಅವಳು ಬಿಟ್ಟುಹೋದದ್ದು ಆ ಪುಸ್ತಕದ ಚೀಲ.

ಎಲ್ಲವೂ ಆಮಿಶರ ಪ್ರೇಮಕಥೆಗಳು. ಆಮಿಶರೆಂದರೆ ಅವಳ ಊರಿನ ಸುತ್ತ ಇರುವ ಒಂದು ಕ್ರೈಸ್ತ ಪಂಗಡ. ಮನೆಗೆ ಕರೆಂಟು ಎಳೆಸುವುದಿಲ್ಲ, ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ, ಫೋಟೊ ಅಂದರೆ ಮುಖ ತಿರುಗಿಸುತ್ತಾರೆ. ಅವರ ಮೇಲೆ ಹೊರಗಿನವರು ಇಂಥ ಕಾದಂಬರಿಗಳನ್ನು ರಾಶಿ ರಾಶಿ ಬರೆಯುತ್ತಾರಂತೆ. ಕ್ಯಾರಲ್ ಬಿಟ್ಟುಹೋದವುಗಳಲ್ಲಿ ಕಥೆ ಹೆಚ್ಚುಕಡಿಮೆ ಒಂದೇ. ಒಬ್ಬಳು ವಿಧವೆ ಬ್ರೆಡ್ ಮಾಡಿ ಮಾರುತ್ತಿರುತ್ತಾಳೆ. ಹಿಂದೊಮ್ಮೆ ಅವಳನ್ನು ಪ್ರೀತಿಸಿ ಊರು ಬಿಟ್ಟುಹೋದವನು ತಿರುಗಿ ಬರುತ್ತಾನೆ. ನಡುವೆ ಯಾರದಾದರೂ ಕೊಟ್ಟಿಗೆಗೆ ಬೆಂಕಿ ಬೀಳಲೇಬೇಕು. ಬೆಂಕಿ ಆರಿದ ಮೇಲೆ ಇಬ್ಬರಿಗೂ ಮದುವೆ.

ಮಧ್ಯಾಹ್ನ ಗಿರಾಕಿಗಳೆಲ್ಲ ಹಂಪಿಯ ಬಿಸಿಲಲ್ಲಿ ಬೇಯುತ್ತಿರುವಾಗ ನಾನು ಒಂದೊಂದೇ ಓದಿ ಮುಗಿಸಿದೆ. ಶೇಂಗಾ ಸುಲಿಯುತ್ತ ಅತ್ತಿಗೆಗೂ ಹೇಳುತ್ತಿದ್ದೆ. 'ಆ ಬ್ರೆಡ್ಡಿನಾಕಿ ಏನಾದ್ಲು?' ಅಂತ ಅವಳು ಟಿವಿ ಸೀರಿಯಲ್ಲಿನಂತೆ ದಿನಾ ಕೇಳುವಳು.

ನಗುತ್ತ ಹೇಳುತ್ತಿದ್ದೆನಾದರೂ ಒಳಗೆ ನನ್ನ ಕಥೆ ಬೇರೆ ಇತ್ತು. ಸಂಡೂರಿನ ಹತ್ತಿರ ವಡ್ಡು ಎಂಬ ಊರಲ್ಲಿ ನನ್ನ ಸೋದರಮಾವನ ಮಗ ವೀರೇಶ ಇದ್ದಾನೆ. ತೊಟ್ಟಿಲಲ್ಲೇ ನಮ್ಮಿಬ್ಬರಿಗೂ ಗಂಟು ಹಾಕಿದ್ದರು. ಆಮೇಲೆ ಒಂದು ಬೀಗರೂಟದಲ್ಲಿ ತನ್ನನ್ನು ಮೊದಲ ಪಂಕ್ತಿಗೆ ಕರೆಯಲಿಲ್ಲ ಅಂತ ಸೋದರಮಾವ ಸಿಟ್ಟಾದ, ನಮ್ಮವ್ವ ಒಂದಕ್ಕೆ ಹತ್ತು ಅಂದಳು, ಮದುವೆ ಮುರಿಯಿತು. ವೀರೇಶ ಬೇರೆಯವಳನ್ನು ಕಟ್ಟಿಕೊಂಡ, ನನ್ನನ್ನು ಎಮ್ಮಿಗನೂರಿಗೆ ಕೊಟ್ಟರು. ಮಲ್ಲಿಕಾರ್ಜುನ ಒಳ್ಳೆಯವನು. ಅವನ ಜೊತೆ ನಾನು ಸುಖವಾಗಿದ್ದೆ. ಆದರೂ ವೀರೇಶನ ನೆನಪು ನನ್ನೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತೇ ಇತ್ತು.

ಅವನ ಹೆಂಡತಿಯೂ ತೀರಿಹೋಗಿ ಕೆಲವು ವರ್ಷವಾಗಿತ್ತು. ಕ್ಯಾರಲ್ ಟಿಕೆಟ್ಟು ಕಳಿಸಿ ನನ್ನನ್ನು ತನ್ನೂರಿಗೆ ಕರೆದಾಗ, ನಾನು ಹೊರಡುವ ಮುಂಚೆ ಅವನು ತನ್ನಕ್ಕ ಗಂಗಕ್ಕನನ್ನು ಕಂಪ್ಲಿಯಿಂದ ಕರೆದುಕೊಂಡು ನಮ್ಮನೆಗೆ ಬಂದ. ನನ್ನನ್ನು ಕೇಳಲು ಬಂದಿದ್ದ. ನೀರು ಕೊಡಲು ಹೊರಟವಳು ಚೊಂಬನ್ನು ಅತ್ತಿಗೆಯ ಕೈಗೆ ಕೊಟ್ಟುಬಿಟ್ಟೆ. ಮಾತೆಲ್ಲ ಗಂಗಕ್ಕನದೇ.

'ಮೊದಲನೇ ಮದುವಿ ಅಲ್ಲಲ್ಲ ತಾಯಿ. ಉಡಿಕಿ ಮಾಡಿದ್ರಾತು. ನಸುಕಿನಾಗ ಗುಡಿಗೆ ಹೋಗಿ ಸೀರಿ ಉಡಿಸಿ, ಊರು ಏಳೋದ್ರಾಗ ಮುಗಿಸಿಬಿಡೋಣು' ಅಂದಳು.

ಉಡಿಕೆ ಅಂದರೆ ನಮ್ಮ ಕಡೆ ಗಂಡ ಸತ್ತವಳಿಗೆ ಮಾಡುವ ಎರಡನೇ ಮದುವೆ. ವಾದ್ಯವಿಲ್ಲ, ತಲೆಗೆ ಹಾಕುವ ಅಕ್ಷತೆಯ ಅಕ್ಕಿಕಾಳಿಲ್ಲ. ಮುತ್ತೈದೆಯರು ಆ ಹೊತ್ತಿಗೆ ಕಣ್ಣಿಗೆ ಬೀಳುವುದಿಲ್ಲ. ಒಂದು ಸೀರೆ ಕೊಟ್ಟು ಉಡಿಸಿ, ಯಾರೂ ನೋಡದಂತೆ ಕರೆದುಕೊಂಡು ಹೋಗುತ್ತಾರೆ. ಕಳವು ಮಾಡಿದ ಕೋಳಿಯನ್ನು ಕೂಡ ಇದಕ್ಕಿಂತ ಧೈರ್ಯವಾಗಿ ಹೊತ್ತೊಯ್ಯುತ್ತಾರೆ. ನಾನು ವೀರೇಶನ ಮುಖ ನೋಡಿದೆ. ಅವನು ನೆಲ ನೋಡುತ್ತ ಕೂತಿದ್ದ. ನನಗೆ ನೋವಾದದ್ದು ಗಂಗಕ್ಕನ ಮಾತಿಗಲ್ಲ, ಅವನ ಮೌನಕ್ಕೆ.

'ಅಮೆರಿಕದಿಂದ ಬಂದ ಮ್ಯಾಲೆ ಹೇಳ್ತೀನಿ' ಅಂದೆ.

ವಿಮಾನ ನಿಲ್ದಾಣ

ಅತ್ತಿಗೆ ಕ್ಯಾರಲ್‌ಗೆಂದು ಒಂದು ಕುಪ್ಪಸದ ಖಣ, ಇಡೀ ಕೊಬ್ಬರಿ, ಅರಿಶಿಣ ಕೊಂಬು, ಅಡಿಕೆ, ಒಂದಿಷ್ಟು ಅಕ್ಕಿ ಕಟ್ಟಿಕೊಟ್ಟಿದ್ದಳು. ನಮ್ಮಲ್ಲಿ ಹೆಣ್ಣುಮಗಳ ಸೆರಗಿಗೆ ಇದನ್ನೆಲ್ಲ ಹಾಕಿ ಉಡಿ ತುಂಬುತ್ತೇವೆ. ತುಂಬುವವಳು ಮುತ್ತೈದೆ, ತುಂಬಿಸಿಕೊಳ್ಳುವವಳೂ ಮುತ್ತೈದೆ. 'ಕ್ಯಾರಲಮ್ಮಗ ಉಡಿ ತುಂಬು...' ಅಂದವಳು ಅಲ್ಲಿಗೇ ನಿಲ್ಲಿಸಿ, 'ಅಲ್ಲಿ ಯಾರರ ಮುತ್ತೈದಿ ಇದ್ರ ಅವ್ರ ಕೈಲೆ ಹಾಕಿಸು' ಅಂದಳು. ಪಾಪ, ಅವಳ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಮುತ್ತೈದೆಯನ್ನು ಹೇಗೆ ಗುರುತು ಹಿಡಿಯುವುದು ಅಂತ ವಿಮಾನದುದ್ದಕ್ಕೂ ಯೋಚಿಸಿದೆ.

ಅಲ್ಲಿ ಇಳಿದಾಗ ಸುಂಕದ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ಅರಿಶಿಣ ಕೊಂಬನ್ನು ಮೂಸಿ ನೋಡಿದ. ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಏನೂ ಮಾತಾಡದ ಕಾರಣ ಅದನ್ನು ಬಿಟ್ಟು, ಅಕ್ಕಿಯನ್ನು ಮಾತ್ರ ತಗೊಂಡು ಡಬ್ಬಿಗೆ ಸುರಿದ. ಅಕ್ಕಿಯನ್ನು ಕಸಕ್ಕೆ ಹಾಕುವುದು ನೋಡಿ ನನ್ನ ಕೈ ತಾನಾಗಿ ಕಣ್ಣಿಗೊತ್ತಿಕೊಳ್ಳಲು ಹೋಯಿತು. ಅವನು ನಾನು ಅಳುತ್ತಿದ್ದೇನೆಂದು ತಿಳಿದು ಒಂದು ಕಾಗದದ ಕರವಸ್ತ್ರ ಕೊಟ್ಟ.

ಕ್ಯಾರಲ್ ಮನೆ

ಕ್ಯಾರಲ್ ಮನೆಯ ಜಗಲಿಯಲ್ಲಿ ಕೂತರೆ ಎದುರು ಜೋಳದ ಹೊಲ. ನಮ್ಮ ಜೋಳವಲ್ಲ, ಮೆಕ್ಕೆಜೋಳ. ಹಿಂಗಾರಿಯ ಬಿಸಿಲು ಅಲ್ಲಿ ಅರಿವೆ ಒಣಗಿಸಲಿಕ್ಕೂ ಸಾಲದಷ್ಟು ತೆಳ್ಳಗಿತ್ತು. ಬಳ್ಳಾರಿ ಜಿಲ್ಲೆಯ ಬಿಸಿಲು ಕಂಡವರಿಗೆ ಅದು ಬೆಳದಿಂಗಳೇ ಸೈ. ನಾನು ಸೀರೆಯ ಮೇಲೆ ಕ್ಯಾರಲ್‌ಳ ಗಂಡನ ಹಳೇ ಕೋಟು ಹಾಕಿಕೊಂಡು ಕೂತೆ. ಆ ಗಂಡ ಬೇರೆ ಊರಿನಲ್ಲಿ ಬೇರೆ ಹೆಂಗಸಿನ ಜೊತೆ ಇದ್ದಾನೆ, ಕೋಟು ಮಾತ್ರ ಇಲ್ಲಿದೆ. ಹೀಗಿರುವಾಗ ಕ್ಯಾರಲ್ ಮುತ್ತೈದೆಯೋ ಅಲ್ಲವೋ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಗಂಟು ಪೆಟ್ಟಿಗೆಯಲ್ಲೇ ಉಳಿಯಿತು.

ಮೊದಲ ಗಾಡಿ ಬಂದಾಗ ಸದ್ದು ಮೊದಲು ಕೇಳಿಸಿತು. ಟಾಂಗಾ ಸದ್ದೇ. ಹೊಸಪೇಟೆ ಸ್ಟೇಷನ್ನಿನ ಮುಂದೆ ನಾನು ಸಣ್ಣವಳಿದ್ದಾಗ ಕೇಳುತ್ತಿದ್ದ ಸದ್ದು. ಕಪ್ಪು ಪೆಟ್ಟಿಗೆಯಂಥ ಗಾಡಿ, ಒಳಗೆ ಗಡ್ಡವಿದ್ದು ಮೀಸೆ ಇಲ್ಲದ ಗಂಡಸು. ಮದುವೆಯಾದ ಮೇಲೆಯೇ ಅವರು ಗಡ್ಡ ಬಿಡುವುದಂತೆ. ನಮ್ಮಲ್ಲಿ ಮದುವೆಯಾಗಿದ್ದು ಹೆಂಗಸಿನ ಮೈಮೇಲೆ ಮಾತ್ರ ಕಾಣುತ್ತದೆ, ಇಲ್ಲಿ ಗಂಡಸಿನ ಮುಖದ ಮೇಲೂ ಕಾಣುತ್ತದಲ್ಲ ಅಂತ ಸಮಾಧಾನವಾಯಿತು. ಫೋಟೊ ತೆಗೆಯಲು ಫೋನ್ ಎತ್ತಿದೆ. ಕ್ಯಾರಲ್ ಮೆಲ್ಲಗೆ ನನ್ನ ಕೈ ಕೆಳಗಿಳಿಸಿದಳು.

ಇಂಥ ಜನ ಕಾರು ಇಟ್ಟುಕೊಳ್ಳುವುದಿಲ್ಲ, ಆದರೆ ಬೇರೆಯವರ ಕಾರಲ್ಲಿ ಕೂಡಬಹುದು. ನಮ್ಮ ಅತ್ತಿಗೆ ಸೋಮವಾರ ಒಪ್ಪತ್ತು ಅಂತ ಅನ್ನ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು ತಿನ್ನುವುದಿಲ್ಲವೇ, ಹಾಗೆ. ಕ್ಯಾರಲ್ ತನ್ನ ನೆರೆಯ ರೂತ್ ಎಂಬ ಆಮಿಶ್ ಹೆಂಗಸನ್ನು ಆಗಾಗ ಪೇಟೆಗೆ ಕರೆದೊಯ್ಯುತ್ತಾಳೆ. 'ಅವಳು ವಿಧವೆ. ಮುಂದಿನ ವಾರ ಅವಳ ಮದುವೆ' ಅಂದಳು ಕ್ಯಾರಲ್, ಕಣ್ಣು ಮಿಟುಕಿಸಿ. 'ನಿನ್ನ ಕಾದಂಬರಿ ಎದ್ದು ಓಡಾಡ್ತಿದೆ ನೋಡು.'

ಆ ರಾತ್ರಿ ಚೆನ್ನಾಗಿ ನಿದ್ದೆ ಬರಲಿಲ್ಲ. ವೀರೇಶನಿಗೆ ಫೋನ್ ಮಾಡಬೇಕೆನಿಸಿತು. ಮಾಡಲಿಲ್ಲ. ಏನು ಹೇಳಬೇಕೆಂದೇ ಗೊತ್ತಿರಲಿಲ್ಲ. ಅವನು ಬೇಕು, ಆದರೆ ಹಾಗಲ್ಲ. ಇದನ್ನು ಯಾವ ಬಾಯಿಂದ ಹೇಳುವುದು?

ರೂತಳ ಹೊಲ

ಕಾದಂಬರಿಯ ರಕ್ಷಾಪುಟದಲ್ಲಿ ಆಮಿಶ್ ಹೆಂಗಸರು ತೆಳ್ಳಗೆ, ಹೊಲದ ಕಡೆ ನೋಡುತ್ತ, ಏನೋ ಕಳಕೊಂಡವರ ಹಾಗೆ ನಿಂತಿರುತ್ತಾರೆ. ರೂತ್ ನನ್ನ ವಯಸ್ಸಿನವಳು, ಗಟ್ಟಿಮುಟ್ಟು, ಕೆಂಪು ಕೈ. ನಾವು ಹೋದಾಗ ಬರಿಗಾಲಲ್ಲಿ ಹಂದಿಯೊಂದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಸುಮ್ಮನೆ ಹೇಳಿಲ್ಲ.

ನನಗೆ ಅವಸರವಾಗಿತ್ತು. ಹೊಲದಂಚಿನಲ್ಲಿ ನಮ್ಮೂರ ಶೌಚಾಲಯದಷ್ಟೇ ಅಗಲದ ಹಲಗೆ ಗೂಡು ಕಂಡಿತು. ನಗುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಳಗೆ ಒಂದು ಕುರ್ಚಿ, ಒಂದು ಟೆಲಿಫೋನು. ಮನೆಯೊಳಗೆ ಫೋನು ಬ್ಯಾಡ ಅಂತ ಅವರು ಹೊಲಕ್ಕೆ ಕಳಿಸಿದ್ದಾರೆ. ನಮ್ಮ ಹಿರಿಯರು ಶೌಚಾಲಯವನ್ನು ಮನೆಯೊಳಗೆ ಬ್ಯಾಡವೆಂದು ಕಳಿಸಿದ ಜಾಗಕ್ಕೇ. ನಾನು ಹೊರಬಂದಾಗ ರೂತ್ ನಕ್ಕು ನಕ್ಕು ಬೇಲಿ ಹಿಡಿದುಕೊಂಡಿದ್ದಳು. ಅಲ್ಲಿಗೆ ಪರಿಚಯ ಮುಗಿದು ಸ್ನೇಹ ಶುರುವಾಯಿತು.

ಅವಳ ಅಂಗಿಗೆ ಗುಂಡಿಗಳಿಲ್ಲ. ಎಲ್ಲ ಗುಂಡುಸೂಜಿಯಿಂದಲೇ ಸಿಕ್ಕಿಸಿದ್ದು. ನಾನು ನನ್ನ ಹೆಗಲ ಮೇಲಿನ ಪಿನ್ನು ತೋರಿಸಿದೆ. ಅವಳು ನನ್ನ ನಿರಿಗೆ ಮುಟ್ಟಿ ನೋಡಿ, ಇದೆಲ್ಲ ಒಂದೇ ಬಟ್ಟೆಯಾ ಅಂತ ಬೆರಗಾದಳು.

ರಸ್ತೆಗೆ ತಾಗಿದ ಮಡಿಯಲ್ಲಿ ಸೆಲರಿ ಎಂಬ ದಪ್ಪ ದಂಟಿನ ಸೊಪ್ಪು ಸಾಲುಸಾಲಾಗಿ ಬೆಳೆದಿತ್ತು. ಅವರ ಮದುವೆಯಡುಗೆಗೆ ಅದು ರಾಶಿಗಟ್ಟಲೆ ಬೇಕಂತೆ. ಹಾಗಾಗಿ ಯಾರ ಹೊಲದಲ್ಲಿ ಸೆಲರಿ ಜಾಸ್ತಿ ಕಂಡಿತೋ ಅವರ ಮನೆಯಲ್ಲಿ ಮದುವೆಯೆಂದು ಊರು ಲೆಕ್ಕ ಹಾಕುತ್ತದೆ. ನಮ್ಮಲ್ಲಿ ಮನೆಗೆ ಸುಣ್ಣ ಹೊಡೆಸಿದರೆ 'ಯಾವ ಮಗಳದು?' ಅಂತ ಕೇಳುವುದಿಲ್ಲವೇ, ಹಾಗೆ. ಮದುವೆ ಸುದ್ದಿಯನ್ನು ಚರ್ಚಿನಲ್ಲಿ ಸಾರುವವರೆಗೆ ಗುಟ್ಟಾಗಿಡುವುದು ಅವರ ರೂಢಿ. ಎಳೆಯ ಹುಡುಗಿಯರ ತಾಯಂದಿರು ಸೆಲರಿಯನ್ನು ಕೊಟ್ಟಿಗೆಯ ಹಿಂದೆ ಬಚ್ಚಿಟ್ಟು ಬೆಳೆಯುತ್ತಾರಂತೆ.

'ನೀನು ರಸ್ತೆಗೇ ಹಾಕಿದೀಯಲ್ಲ' ಅಂದೆ.

'ಮಣ್ಣು ಇಲ್ಲಿ ಚೆನ್ನಾಗಿದೆ. ಈ ವಯಸ್ಸಿನಲ್ಲಿ ಯಾರಿಂದ ಬಚ್ಚಿಡಲಿ?' ಅಂದಳು. ಅಷ್ಟೇ ಹೇಳಿ ಹಂದಿಯ ಕಡೆ ಹೋದಳು.

ನಾನು ಆ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಹೊಟ್ಟೆಕಿಚ್ಚು ಅನ್ನಬಹುದು. ಸೊಪ್ಪಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನೊಬ್ಬಳೇ ಇರಬೇಕು.

ರೂತಳ ಅಡುಗೆಮನೆ

ಮರುದಿನದಿಂದ ಸೊಪ್ಪು ಹೆಚ್ಚಲು ನನ್ನನ್ನೂ ಕರೆದರು. ಉದ್ದನೆಯ ಮೇಜಿನ ಸುತ್ತ ಹತ್ತಾರು ಹೆಂಗಸರು, ಬಿಳಿ ಟೋಪಿ, ಬಾಯ್ತುಂಬ ಅವರದೇ ಒಂದು ಜರ್ಮನ್ ಭಾಷೆ. ಅರ್ಥವಾಗದಿದ್ದರೂ ಯಾರೋ ಇಲ್ಲದವರ ಬಗ್ಗೆ ಮಾತಾಡುತ್ತಿದ್ದಾರೆಂದು ಧಾಟಿಯಿಂದಲೇ ತಿಳಿಯಿತು. ಮದುವೆ ಮನೆ ಎಲ್ಲಿದ್ದರೂ ಮದುವೆ ಮನೆಯೇ. ನಾನು ರೂಢಿಯಂತೆ ಎಲ್ಲರ ಹಿಂದೆ, ಗೋಡೆಗೆ ಆತು ನಿಂತೆ. ನಮ್ಮ ಕಡೆ ಗಂಡ ಸತ್ತವಳು ಮದುವೆ ಮನೆಯಲ್ಲಿ ನೀರು ತರಬಹುದು, ಮುಸುರೆ ತಿಕ್ಕಬಹುದು, ಮುಂದೆ ಬರಬಾರದು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾಲು ತಾವೇ ಹಿಂದಕ್ಕೆ ಹೋಗುತ್ತವೆ. ಒಬ್ಬ ಮುದುಕಿ ನನ್ನ ತೋಳು ಹಿಡಿದೆಳೆದು ರೂತಳ ಪಕ್ಕದಲ್ಲೇ ಕೂರಿಸಿ, ಕೈಗೆ ಚಾಕು ಕೊಟ್ಟಳು.

ನಾನು ಓದಿದ ಕಾದಂಬರಿಗಳ ವಿಷಯ ತೆಗೆದೆ. ರೂತ್ ಮೂಗು ಮುರಿದಳು. 'ನನ್ನ ತಂಗಿ ಓದ್ತಾಳೆ. ನಾನೂ ಎರಡು ಓದಿದೀನಿ. ಅವುಗಳಲ್ಲಿ ಯಾರೂ ಪಾತ್ರೆ ತೊಳೆಯೋದೇ ಇಲ್ಲ.'

'ನಿಮ್ಮದು ಹೇಗಾಯಿತು?'

ಅವಳು ದಂಟು ಹೆಚ್ಚುತ್ತಲೇ ಹೇಳಿದಳು. ಈಗ ಮದುವೆಯಾಗುತ್ತಿರುವ ಸ್ಯಾಮ್ ಹದಿವಯಸ್ಸಿನಲ್ಲಿ ಒಂದು ಭಾನುವಾರ ಅವಳನ್ನು ಹಾಡಿನ ಕೂಟದಿಂದ ತನ್ನ ಗಾಡಿಯಲ್ಲಿ ಮನೆಗೆ ಬಿಡಲು ಹೊರಟಿದ್ದ. ದಾರಿಯಲ್ಲಿ ಕುದುರೆ ಕುಂಟಿತು. ಇಬ್ಬರೂ ಕುದುರೆ ಹಿಡಿದುಕೊಂಡು ನಡೆದೇ ಬಂದರು. ನಾಚಿಕೆಯಾಗಿ ಅವನು ಮತ್ತೆ ಕೇಳಲೇ ಇಲ್ಲ. ಇವಳು ಕಾದಳು, ಆಮೇಲೆ ಏಮಸ್ ಎಂಬುವನು ಕೇಳಿದ, ಅವನನ್ನು ಮದುವೆಯಾದಳು. ಏಮಸ್ ಒಳ್ಳೆಯವನು.

'ಅಷ್ಟು ವರ್ಷ ಸ್ಯಾಮ್ ನೆನಪಾಗ್ತಿರಲಿಲ್ಲವಾ?'

'ಬಟ್ಟೆ ಒಗೆಯೋದೇ ಬೇಕಾದಷ್ಟಿತ್ತು' ಅಂದಳು. ಚಾಕು ನಿಂತಿತು. 'ಅವನ ಗಾಡಿ ರಸ್ತೆಯಲ್ಲಿ ಹೋದರೆ ಕುದುರೆ ಹೆಜ್ಜೆಯಿಂದ ಗೊತ್ತಾಗ್ತಿತ್ತು. ತಲೆ ಎತ್ತಿ ನೋಡ್ತಿರಲಿಲ್ಲ.'

ಹಂಪಿ ರಸ್ತೆಯಲ್ಲಿ ದಿನಕ್ಕೆ ಎಷ್ಟು ಬೈಕುಗಳು ಹೋಗುತ್ತವೆ! ಅವುಗಳಲ್ಲಿ ಅಕ್ಕನ ಮನೆಗೆ ಹೋಗಿಬರುವ ವೀರೇಶನದು ಯಾವುದೆಂದು ಒಲೆ ಮುಂದೆ ಕೂತೇ ನಾನು ಹೇಳಬಲ್ಲೆ. ನಾನೂ ತಲೆ ಎತ್ತಿದವಳಲ್ಲ.

'ಬಿಳಿ ಏಪ್ರನ್ ಹಾಕಿಕೊಳ್ತೀಯಾ ಮದುವೆಗೆ? ಕಾದಂಬರಿಯಲ್ಲಿ ಹಾಕಿಕೊಳ್ತಾರೆ.'

'ಅದು ಮೊದಲನೇ ಸಲಕ್ಕೆ ಮಾತ್ರ. ನನ್ನದು ಪೆಟ್ಟಿಗೆಯಲ್ಲಿದೆ. ನನ್ನನ್ನು ಹೂಳುವಾಗ ಅದನ್ನೇ ಹಾಕ್ತಾರೆ.'

'ಏಮಸ್ ಜೊತೆ ಮದುವೆಯಾದಾಗಿನದನ್ನಾ? ಸ್ಯಾಮ್‌ಗೆ ಏನೂ ಅನಿಸಲ್ಲವಾ?'

'ತೀರಿಹೋದ ಅವನ ಮೊದಲ ಹೆಂಡತಿಯನ್ನು ಅವನೇ ನಿಂತು ಹಾಗೇ ಹೂಳಿಸಿದಾನೆ' ಅಂದಳು. 'ಏಮಸ್ ಏಮಸ್ಸೇ. ಸ್ಯಾಮ್ ಸ್ಯಾಮೇ.'

ಮಲ್ಲಿಕಾರ್ಜುನನನ್ನೂ ನಾವು ಎಮ್ಮಿಗನೂರಿನ ಹೊಲದಲ್ಲೇ ಹೂಳಿದ್ದು. ವೀರೇಶನಿಗೆ ಹೂಂ ಅಂದರೆ ತೀರಿಕೊಂಡವನಿಗೆ ದ್ರೋಹವಾದೀತೇ ಎಂಬ ಅಳುಕು ನನ್ನಲ್ಲಿತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ. ಸೊಪ್ಪಿನ ರಾಶಿಯ ಮುಂದೆ ಅದು ಅಷ್ಟು ಹಗುರವಾಗಿ ಇಳಿದುಹೋಗುತ್ತದೆಂದು ನಾನು ಎಣಿಸಿರಲಿಲ್ಲ.

ಉಡಿ

ಮದುವೆಗೆ ಎರಡು ದಿನ ಮೊದಲೇ ನನ್ನ ಟಿಕೆಟ್ಟು. ಕಾದಂಬರಿಗಳೆಲ್ಲ ಮದುವೆಯಲ್ಲಿ ಮುಗಿಯುತ್ತವೆ, ನನ್ನದು ಮದುವೆಗೆ ಮುಂಚೆಯೇ ಗಂಟುಮೂಟೆ ಕಟ್ಟಿತು. ಹೋಗಿಬರುತ್ತೇನೆಂದು ಹೇಳಲು ರೂತಳ ಮನೆಗೆ ಹೋದೆ. ಅತ್ತಿಗೆ ಕೊಟ್ಟಿದ್ದ ಗಂಟು ಕೈಯಲ್ಲಿತ್ತು. ಇದನ್ನು ಇವಳಿಗೆ ಕೊಡಲಾ ಅಂತ ಕ್ಯಾರಲ್‌ಳನ್ನು ಕೇಳಿದ್ದೆ, ಅವಳು ಸಂತೋಷದಿಂದ ಒಪ್ಪಿದ್ದಳು. ಸುಮ್ಮನೆ ಉಡುಗೊರೆಯಂತೆ ಮೇಜಿನ ಮೇಲಿಟ್ಟು ಬರುವುದೆಂದು ನನ್ನ ಲೆಕ್ಕ.

ರೂತ್ ಹಿಟ್ಟು ನಾದುತ್ತಿದ್ದಳು. ಕೈತುಂಬ ಹಿಟ್ಟು. ಮೇಜಿನ ಮೇಲೆ ಜಾಗವಿಲ್ಲ. 'ಇದರೊಳಗೆ ಹಾಕು' ಅಂತ ತನ್ನ ಏಪ್ರನ್ನಿನ ಎರಡು ತುದಿ ಬೆರಳಲ್ಲಿ ಹಿಡಿದು ಮುಂದೆ ಚಾಚಿದಳು.

ನನ್ನ ಕೈ ಅಲ್ಲೇ ನಿಂತಿತು. ಉಡಿಯೊಡ್ಡುವುದು ಅಂದರೆ ಅದೇ, ಒಂದಿಷ್ಟೂ ಬೇರೆಯಲ್ಲ. ನಾನು ತುಂಬಬಾರದವಳು. ಅವಳು ತುಂಬಿಸಿಕೊಳ್ಳಬಾರದವಳು. ಏನೂ ಗೊತ್ತಿಲ್ಲದ ಅವಳು, ಕೊಡುವುದಕ್ಕೆ ಏಕಿಷ್ಟು ಹೊತ್ತು ಎಂಬಂತೆ ಏಪ್ರನ್ ಹಿಡಿದು ನಿಂತೇ ಇದ್ದಳು. ಅಕ್ಕಿ ಇಲ್ಲವಲ್ಲ ಎಂದು ನೆನಪಾಗಿ, ಅವಳ ಡಬ್ಬಿಯಿಂದಲೇ ಒಂದು ಬೊಗಸೆ ಗೋಧಿ ತಗೊಂಡೆ. ಮೊದಲು ಗೋಧಿ. ಆಮೇಲೆ ಖಣ, ಕೊಬ್ಬರಿ, ಅರಿಶಿಣ, ಅಡಿಕೆ. ಕ್ರಮ ತಪ್ಪಲಿಲ್ಲ.

'ಬರಿಗೈಲಿ ಕಳಿಸೋದಿಲ್ಲ' ಅಂತ ರೂತ್ ಅದನ್ನೆಲ್ಲ ಮೂಲೆಯ ಬುಟ್ಟಿಗೆ ಸುರಿದು, ಸೇಬಿನ ಗೋಣಿಯ ಹತ್ತಿರ ಹೋದಳು. ಎರಡು ಕೈಯಲ್ಲೂ ಹಣ್ಣು ತುಂಬಿಕೊಂಡು ಬಂದಳು. ನನ್ನ ಹತ್ತಿರ ಚೀಲವಿರಲಿಲ್ಲ. ಸೆರಗು ಒಡ್ಡಿದೆ.

ಮಲ್ಲಿಕಾರ್ಜುನ ಹೋದ ಮೇಲೆ ನನ್ನ ಉಡಿಗೆ ಯಾರೂ ಏನನ್ನೂ ಹಾಕಿರಲಿಲ್ಲ. ಭಾರಕ್ಕೆ ಸೆರಗು ಜಗ್ಗಿದಾಗ ನನಗೆ ಅಳು ತಡೆಯಲಾಗಲಿಲ್ಲ, ನಿಂತಲ್ಲೇ ಅತ್ತೆ. ರೂತ್ ಹೆದರಿ ಏನು ತಪ್ಪು ಮಾಡಿದೆ ಅಂತ ಕೇಳಿದಳು. ಕೂತು ಎಲ್ಲ ಹೇಳಿದೆ. ಉಡಿ, ಉಡಿಕೆ, ನಸುಕು, ಗಂಗಕ್ಕ, ನೆಲ ನೋಡುತ್ತ ಕೂತ ವೀರೇಶ.

'ಇಲ್ಲಿ ಆ ನಿಯಮ ಇದ್ದಿದ್ದರೆ ನನ್ನ ಮದುವೆಗೆ ಅಡುಗೆ ಮಾಡೋರೇ ಇರ್ತಿರಲಿಲ್ಲ. ಮೊನ್ನೆ ಸೊಪ್ಪು ಹೆಚ್ಚಿದವರಲ್ಲಿ ಅರ್ಧ ಜನ ವಿಧವೆಯರು' ಅಂದಳು. ಆಮೇಲೆ, 'ಅವನಿಗೆ ನೀನು ಇದನ್ನ ಹೇಳಿದೀಯಾ?' ಅಂದಳು.

ಹೇಳಿರಲಿಲ್ಲ.

ಹೊರಡುವ ಬೆಳಗು

ಕ್ಯಾರಲ್ ಕಾರಿಗೆ ಪೆಟ್ಟಿಗೆ ಹೇರುತ್ತಿದ್ದಳು. ನಾನು ಜಗಲಿಯಲ್ಲಿ ಕೂತು ವೀರೇಶನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ. ತಾನು ದುಡಿಯುವ ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಗೇಟಿನ ಮುಂದೆ ಚಹಾ ಕುಡಿಯುತ್ತಿದ್ದ. ಹಿಂದೆ ಅದಿರಿನ ಲಾರಿಗಳ ಸದ್ದು. ಆ ಸದ್ದಿಗೂ ನನ್ನ ಜೀವ ಎಳೆಯಿತು.

'ಭಾವ, ಆವತ್ತು ಗಂಗಕ್ಕ ಮಾತಾಡುವಾಗ ಯಾಕ ಸುಮ್ನ ಕುಂತಿ?'

'ಹಿರಿಯಾಕಿ ಅಲ್ಲೇನು. ಎದುರು ಮಾತಾಡಾಕ ಬರ್ತತೇನು?'

'ನಮ್ಮವ್ವ ನಿಮ್ಮಪ್ಪ ಜಗಳಾಡಿದಾಗೂ ಹಿಂಗ ಸುಮ್ನ ಕುಂತಿದ್ದಿ.'

ಒಂದು ಲಾರಿ ಹೋಯಿತು. ಇನ್ನೊಂದು ಹೋಯಿತು. 'ಹೌದು ನೀಲಾ' ಅಂದ. 'ಸುಮ್ನ ಕುಂತಿದ್ದಕ್ಕ ಇಷ್ಟೆಲ್ಲ ಆತು.'

'ನನಗ ನೀ ಬೇಕು. ಇದನ್ನ ಹೇಳಾಕ ನನಗೇನೂ ನಾಚಿಕಿಲ್ಲ ಈಗ. ಆದ್ರ ನಸುಕಿನಾಗ ಕಳ್ಳರಂಗ ಬರಾದಿಲ್ಲ. ನನ್ನ ತಲಿ ಮ್ಯಾಲೆ ಅಕ್ಕಿಕಾಳು ಬೀಳಬೇಕು. ಹಾಕಾರು ವಿಧವಿ ಆದ್ರೂ ಸೈ, ಮುತ್ತೈದಿ ಆದ್ರೂ ಸೈ.'

'ಹಗಲಾಗ ಅಂದ್ರ ಯಾರೂ ಬರಾದಿಲ್ಲ. ಗಂಗಕ್ಕನೂ ಬರಾದಿಲ್ಲ.'

'ಬರದಿದ್ರ ಅಡಿಗಿ ಉಳಿತತಿ, ಅಷ್ಟ. ನೀ ಬರ್ತಿಯೋ ಇಲ್ಲೋ, ಅದನ್ನ ಹೇಳು.'

ಕ್ಯಾರಲ್ ಹಾರ್ನ್ ಒತ್ತಿದಳು. ನಾನು ಏಳಲಿಲ್ಲ. ಅವನು ಚಹಾದ ಲೋಟ ಕಟ್ಟೆಯ ಮೇಲಿಟ್ಟ ಸದ್ದು ಕೇಳಿಸಿತು. ಅವನು ಯಾವ ಕಡೆ ನೋಡುತ್ತಿದ್ದಾನೋ ನನಗೆ ಕಾಣುತ್ತಿರಲಿಲ್ಲ.

'ಬರ್ತೀನಿ' ಅಂದ. 'ಎಷ್ಟೊತ್ತಿಗೆ ಬರ್ಲಿ?'

'ಊರೆಲ್ಲ ಎದ್ದಿರೋ ಹೊತ್ತಿಗೆ ಬಾ' ಅಂದೆ.